ಫಿಶೆಲ್‌ನ ಬಲಗಾಲಿನ ಜೋಡು

ಬ್ರಾಖಾಳ ಗಂಡ ಮೋತೆಲ್ ಸತ್ತು ಹನ್ನೊಂದು ತಿಂಗಳಾಗಿತ್ತು. ಮೇಷ್ಟ್ರು ಹೆಶಿ ಅವಳನ್ನ ಮದುವೆ ಆಗ್ತೀನಿ ಅಂತ ಕಾಯ್ತಾ ಕೂತಿದ್ದ. ಆದ್ರೆ ಮಕ್ಕಳಿಲ್ಲದ ವಿಧವೆಯ ಜುಟ್ಟು ಮೈದುನನ ಕೈಯಲ್ಲಿ. ಒಂದೋ ಅವನೇ ಅವಳನ್ನ ಕಟ್ಟಿಕೊಳ್ಳಬೇಕು, ಇಲ್ಲಾ ಯೆಹೂದಿ ಗುರುಗಳಾದ ರಬ್ಬಿಗಳ ನ್ಯಾಯಪೀಠದ ಮುಂದೆ ಅವಳ ಕೈಲಿ ತನ್ನ ಕಾಲಿನ ಜೋಡು ಬಿಚ್ಚಿಸಿಕೊಂಡು ಬಿಟ್ಟುಬಿಡಬೇಕು. ಕಟ್ಟಿಕೊಳ್ಳೋದಕ್ಕೆ ಯೆರೂಸಲೇಮಿನಲ್ಲಿ ಈಗ ಯಾವ ರಬ್ಬಿಯೂ ಒಪ್ಪಲ್ಲ. ಉಳಿದಿದ್ದು ಜೋಡು. ಮೈದುನ ಫಿಶೆಲ್ ಕಾಲೇ ಕೊಡ್ತಿರಲಿಲ್ಲ!

ಶುಕ್ರವಾರ ಬೆಳಿಗ್ಗೆ ಬ್ರಾಖಾ ಅವನ ಮನೆಗೇ ನುಗ್ಗಿದಳು. ಅವನು ತಮ್ಮ ಧರ್ಮದ ಆರುನೂರ ಹದಿಮೂರು ಆಜ್ಞೆಗಳ ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ಪಾಲಿಸಿದ್ದಕ್ಕೆಲ್ಲ ಪಕ್ಕದಲ್ಲಿ ತಾರೀಖು ಬರೆಯೋ ಹುಚ್ಚು ಅವನಿಗೆ.

"ಬಂದ್ಯಾ ಅತ್ತಿಗೆ? ಕೂತ್ಕೋ ಅನ್ನಲ್ಲ, ಹೊರಡೋಳಲ್ವಾ."

"ಕಾಲು ಕೊಡು ಫಿಶೆಲ್."

"ಅಣ್ಣನ ಮೇಲಿನ ಮಣ್ಣು ಆರಿಲ್ಲ, ಆಗ್ಲೇ ಹೊಸ ಗಂಡ! ಆ ಮೇಷ್ಟ್ರ ಗಡ್ಡ ಬೆಳ್ಳಗಾಗ್ಲಿ, ಆಮೇಲೆ ನೋಡೋಣ."

ಬ್ರಾಖಾಗೆ ಮೈಯೆಲ್ಲಾ ಉರಿದುಹೋಯ್ತು. ಕಣ್ಣು ಪುಸ್ತಕದ ಮೇಲೆ ಬಿತ್ತು.

"ಮರಿ ಎತ್ತೋ ಮುಂಚೆ ತಾಯಿಹಕ್ಕಿ ಓಡಿಸಬೇಕು ಅನ್ನೋ ಆಜ್ಞೆಗೋಸ್ಕರ ಮರ ಹತ್ತಿ ಬಿದ್ದ್ಯಂತೆ?"

"ಬಿದ್ದೆ. ತಾರೀಖೂ ಹಾಕ್ದೆ."

"ಜೋಡು ಬಿಚ್ಚೋ ಆಜ್ಞೆ ಪಕ್ಕ ಖಾಲಿ ಇದೆಯಲ್ಲೋ."

ಫಿಶೆಲ್ ಆ ಖಾಲಿ ಜಾಗದ ಮೇಲೆ ಬೆರಳಿಟ್ಟ.

"ಅಣ್ಣ ಸಾಯ್ಬೇಕು, ಮಕ್ಕಳಿರಬಾರದು, ಹೆಂಡ್ತಿ ಬದುಕಿರಬೇಕು. ಇಂಥ ಅವಕಾಶ ಈ ಬೀದೀಲಿ ನಿನ್ನೊಬ್ಬನಿಗೇ ಸಿಕ್ಕಿರೋದು. ನಾನೇನಾದ್ರೂ ನಾಳೆ ಸತ್ತೆ ಅಂದ್ರೆ ಆ ಜಾಗ ಖಾಲೀನೇ, ಮಂಕೇ."

ಅವನು ಪುಸ್ತಕ ನೋಡಿದ. ಅವಳನ್ನ ನೋಡಿದ. ದ್ವೇಷ ಒಂದು ಕಡೆ ಎಳೀತು, ತಾರೀಖು ಬರೆಯೋ ಆಸೆ ಇನ್ನೊಂದು ಕಡೆ.

"ಮಂಗಳವಾರ ಬರ್ತೀನಿ," ಅಂದ. "ನಿನಗೋಸ್ಕರ ಅಲ್ಲ, ತಿಳ್ಕೋ."

ಮಂಗಳವಾರ ರಬ್ಬಿಗಳ ಮುಂದೆ ಬಂದೇಬಿಟ್ಟ. ಇದಕ್ಕಂತಲೇ ನ್ಯಾಯಪೀಠದವರು ಇಟ್ಟಿರೋ ತೊಗಲಿನ ಜೋಡು ಹಾಕಿ, ಉದ್ದುದ್ದ ಪಟ್ಟಿ ಸುತ್ತಿಸಿಕೊಂಡು, ಬಲಗಾಲು ನೆಲಕ್ಕೊತ್ತಿ ನಿಂತ. ಬ್ರಾಖಾ ಬಗ್ಗಿ ಬಲಗೈಯಲ್ಲೇ ಗಂಟು ಬಿಚ್ಚಿ, ಜೋಡು ಕಿತ್ತು ಬಿಸಾಕಿದಳು. ಅವನ ಮುಂದೆ ನೆಲಕ್ಕೆ ಉಗಿದಳು. ಶಾಸ್ತ್ರಕ್ಕೆ ಒಂದು ಹನಿ ಉಗಿದಿದ್ರೂ ಸಾಕಿತ್ತು, ಇವಳು ಹನ್ನೊಂದು ತಿಂಗಳಿಂದ ಕೂಡಿಟ್ಟಿದ್ದಳು.

"ಅಣ್ಣನ ಮನೆ ಕಟ್ಟದೋನಿಗೆ ಹೀಗೇ ಆಗಬೇಕು!" ಹೇಳಲೇಬೇಕಾದ ಮಾತೇ ಅದು, ಆದ್ರೆ ಗೋಡೆ ನಡುಗೋ ಹಾಗೆ ಹೇಳಿದಳು.

ಫಿಶೆಲ್ ಬರಿಗಾಲಲ್ಲೇ ಪುಸ್ತಕ ತೆಗೆದ. "ರಬ್ಬಿಗಳೇ, ಇವತ್ತಿನ ತಾರೀಖು ಹಾಕಲಾ?"

ಮುದಿ ರಬ್ಬಿ ಕನ್ನಡಕ ಸರಿಮಾಡಿಕೊಂಡರು. "ಆಜ್ಞೆ ಏನಂತ ಬರೆದಿದಾರೆ? ಓದು."

"'ಮೈದುನ ಮದುವೆಯಾಗದಿದ್ದರೆ ವಿಧವೆ ಅವನ ಜೋಡು ಬಿಚ್ಚಬೇಕು.'"

"ಬಿಚ್ಚಬೇಕಾದ್ದು ಯಾರು?"

ಫಿಶೆಲ್ ಮತ್ತೆ ಓದಿದ. ಮುಖ ಕೆಂಪಗಾಯ್ತು. "ಅಂದ್ರೆ... ಇದು ಅವಳ ಲೆಕ್ಕಕ್ಕಾ?"

"ನಾನು ಓದೋ ಪ್ರಕಾರ ಅವಳದೇ. ನೀನು ಕಾಲು ಕೊಟ್ಟೆ ಅಷ್ಟೇ."

"ಹಾಗಾದ್ರೆ ರದ್ದು ಮಾಡಿ! ನಾನು ಒಪ್ಪಲ್ಲ!"

"ಉಗಿದಾಯ್ತಲ್ಲಪ್ಪ. ಇನ್ನೇನು ರದ್ದು?"

ಬ್ರಾಖಾ ಆಗಲೇ ಬಿಡುಗಡೆ ಪತ್ರ ಕೈಗೆ ತಗೊಂಡು ಬಾಗಿಲ ಹತ್ರ ಇದ್ದಳು.

"ಮೋಸ ಮಾಡ್ದೆ ಅತ್ತಿಗೆ! ಬೇಕಂತಲೇ ಮೋಸ ಮಾಡ್ದೆ!"

ಅವಳು ತಿರುಗಿದಳು. "ಅತ್ತಿಗೆ ಯಾರೋ ನಿನಗೆ?" ಅಂದು ಮೆಟ್ಟಿಲಿಳಿದು ಹೋದಳು.