ಒದ್ದೆ ನೂಲು

ನೂಲಿನ ತುದಿಯನ್ನು ಬಟ್ಟಲ ನೀರಿಗೆ ಅದ್ದಿ, ಬೆರಳಲ್ಲಿ ಹೊಸೆದು, ಸೂಜಿಯ ಕಣ್ಣಿಗೆ ತೂರಿಸುತ್ತಾಳೆ, ಹೋಗುವುದಿಲ್ಲ, ತುದಿ ಎರಡಾಗಿ ಸೀಳುತ್ತದೆ, ಮತ್ತೆ ಅದ್ದುತ್ತಾಳೆ — ತುಟಿಯಲ್ಲಿ ಒಮ್ಮೆ ಒತ್ತಿದ್ದರೆ ಸಾಕಿತ್ತು, ಸ್ಕೂಲು ಬಿಟ್ಟು ಅತ್ತಿಗೆಯ ಟೈಲರಿಂಗ್ ಅಂಗಡಿಗೆ ಬಂದಾಗಿನಿಂದ ಬೆಳಗ್ಗೆ ಸೂಜಿಗಳಿಗೆಲ್ಲ ದಾರ ಪೋಣಿಸುವವಳು ಅವಳೇ, ಅತ್ತಿಗೆಗೆ ಹತ್ತಿರದ್ದು ಮಸುಕು, ನಿನ್ನ ಎಂಜಲಿಲ್ಲದೆ ನನ್ನ ಕೆಲಸವೇ ಸಾಗಲ್ಲ ಕಣೇ ಎಂದು ನಗುತ್ತಿದ್ದಳು, ಎಂಜಲು, ಎಂಥ ಮಾತು, ಈಗ ನೆನೆದರೆ ಮೈ ಬಿಸಿಯಾಗುತ್ತದೆ, ತಟ್ಟೆ ಲೋಟದಿಂದ, ಬಟ್ಟೆಯಿಂದ ಹರಡಲ್ಲಮ್ಮ ಎಂದಿದ್ದರು ಡಾಕ್ಟರಮ್ಮ, ಹರ್ಪಿಸ್ ಎಷ್ಟೋ ಜನಕ್ಕೆ ಇರುತ್ತೆ, ಗುಳ್ಳೆ ಬರುತ್ತೆ, ಹೋಗುತ್ತೆ, ಮಾತ್ರೆ ಇದೆ, ಮದುವೆ ಮಕ್ಕಳು ಎಲ್ಲ ಆಗುತ್ತೆ, ಗುರುವಾರ ಬರುವಾಗ ಮನೆಯವರು ಯಾರನ್ನಾದರೂ ಕರಕೊಂಡು ಬಾ, ಒಬ್ಬಳೇ ನುಂಗಿಕೊಂಡು ಕೂರಬೇಡ — ತಲೆಯಾಡಿಸಿದ್ದಳು, ನೂಲಿನ ಬಗ್ಗೆ ಕೇಳಬೇಕೆಂದದ್ದು ಕೇಳದೆಯೇ ಎದ್ದು ಬಂದಿದ್ದಳು, ಎಂಜಲು ನೂಲೂ ಆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ಮತ್ತೆ ಕರಕೊಂಡು ಹೋಗುವುದು ಯಾರನ್ನು, ಅಣ್ಣನನ್ನೇ, ಅವನ ಎದುರು ಆ ಜಾಗದ ಮಾತೆತ್ತುವುದುಂಟೇ, ಯಾರು ಅವನು ಎಂದು ಅಣ್ಣ ಕೇಳಿದರೆ, ಅಂಗಡಿಗೆ ಗುಂಡಿ ಮಾರಲು ಬರುತ್ತಿದ್ದವನು, ಅಂಗೈ ತುಂಬ ಗುಂಡಿ ಸುರಿದು ನಿನ್ನ ಕಣ್ಣಿನ ಬಣ್ಣದ್ದು ಹುಡುಕು ನೋಡೋಣ ಎಂದವನು, ವಿಷಯ ಹೇಳಿದ್ದೇ ತಡ, ನನ್ನಿಂದ ಬಂದಿದ್ದು ಅಂತ ಏನು ಗ್ಯಾರಂಟಿ ಎಂದು ಫೋನ್ ಇಟ್ಟವನು, ಮತ್ತೆ ಸೀಳಿತು ತುದಿ.

ಇದೇನೇ ಹೊಸ ನಾಜೂಕು, ರಾಣಿಯವರಿಗೆ ಬೆಳ್ಳಿ ಬಟ್ಟಲು ತರಿಸಲಾ — ಅತ್ತಿಗೆ, ಯಾವಾಗ ಬಂದು ಹಿಂದೆ ನಿಂತಳೋ, ಲೋಟ ಬೇರೆ ಮಾಡ್ಕೊಂಡಿದ್ದೀಯ, ಟವೆಲ್ ಬೇರೆ, ನನ್ನ ಮಗು ಕೈಚಾಚಿದ್ರೂ ಎತ್ಕೊಳ್ಳಲ್ಲ, ನಾನೇನು ಕುರುಡಿಯೇನೇ, ಹತ್ತಿರದ್ದು ಕಾಣಲ್ಲ ಅಷ್ಟೇ, ದೂರ ಹೋಗ್ತಿರೋರು ಚೆನ್ನಾಗೇ ಕಾಣ್ತಾರೆ, ಆಗ ಹೇಳಿಬಿಟ್ಟಳು, ನೆಲ ನೋಡುತ್ತ, ಎಲ್ಲಿ ಬಂದಿದೆ, ಯಾರಿಂದ, ಡಾಕ್ಟರಮ್ಮ ಹೇಳಿದ ಹೆಸರು, ಈಗ ಬಾಗಿಲು ತೋರಿಸುತ್ತಾಳೆ, ಈಗ, ಮಗುವಿನ ಹತ್ತಿರ ಸುಳಿಯಬೇಡ ಎನ್ನುತ್ತಾಳೆ — ಅತ್ತಿಗೆ ಬಟ್ಟಲು ಎತ್ತಿ ನೀರನ್ನು ಕಿಟಕಿಯಾಚೆ ಚೆಲ್ಲಿದಳು, ನಿಮ್ಮಣ್ಣನಿಗೆ ಜ್ವರ ಬಂದಾಗಲೆಲ್ಲ ತುಟಿ ಮೇಲೆ ಏಳುತ್ತಲ್ಲ, ಅದೂ ಇದರ ಒಡಹುಟ್ಟೇ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು, ಅವರ ಮೀಸೆ ಕೆಳಗೆ ಬಂದ್ರೆ ಜ್ವರದ ಗುಳ್ಳೆ, ನಿನಗೆ ಬಂದ್ರೆ ಮನೆ ಮಾನವಾ, ಅವರೇನು ಲೋಟ ಬೇರೆ ಮಾಡ್ಕೊಂಡ್ರಾ, ನನ್ನ ಕಾಫಿನೂ ಅವರೇ ಕುಡೀತಾರೆ, ಹ್ಞೂಂ, ಹಾಕು ಬಾಯಿಗೆ, ಗಿರಾಕಿ ಬರೋ ಹೊತ್ತಾಯ್ತು.

ತುಟಿಯ ನಡುವೆ ನೂಲು, ಹತ್ತಿಯ ಸಪ್ಪೆ ರುಚಿ, ಕಣ್ಣು ತುಂಬಿ ಸೂಜಿ ಎರಡಾಗಿ ಕಾಣುತ್ತಿದೆ, ಆದರೂ ಒಂದೇ ಸಲಕ್ಕೆ ದಾಟಿತು, ಅತ್ತಿಗೆ ಸೂಜಿ ಇಸಿದುಕೊಂಡು ಸೆರಗಿಗೆ ಸಿಕ್ಕಿಸಿ ಮೆಷಿನ್ನಿಗೆ ಕೂತಳು, ಕಾಲು ತುಳಿಯುತ್ತಿದೆ, ಚಕ್ರ ಗಡಗಡ, ಯಾರನ್ನೂ ಏನೂ ಕೇಳಿ ಗೊತ್ತಿಲ್ಲದ ಬಾಯಿ, ಈಗಲೇ ಕೇಳಬೇಕು, ಈ ಸದ್ದಿನಲ್ಲೇ, ಕೇಳಿಸದಿದ್ದರೆ ಇನ್ನೊಮ್ಮೆ, ಮೆಷಿನ್ನಿನ ಸೂಜಿ ಇಳಿಯುತ್ತದೆ, ಏಳುತ್ತದೆ, ಇಳಿಯುತ್ತದೆ —

ಅತ್ತಿಗೆ, ಗುರುವಾರ ಆಸ್ಪತ್ರೆಗೆ ನನ್ನ ಜೊತೆ ಬನ್ನಿ.