ಮೋಡದ ಭರೋಸಾ

ಕರೆಂಟಿಗೂ ಮುಗಿಲಿಗೂ ಗಂಟು ಹಾಕಿದವರ ಬಾಯಾಗ ಮಣ್ಣು ಬೀಳ್ಲಿ! ನಾ ತಿಮ್ಮವ್ವ, ವಳಕಮದಿನ್ನಿಯಾಕಿ. ನನ್ನ ತಮ್ಮ ಗಾದಿಲಿಂಗ ಹೆಂಗ ಸತ್ತ ಅಂತ ಕೇಳಾಕ ಬಂದವರಿಗೆಲ್ಲ ಇದನ್ನೇ ಹೇಳ್ತೀನಿ. ನೀವೂ ಕೇಳ್ರಿ.

ಮೊದಲು ಹೊಲದ ಮೋಟ್ರಿಗೆ ರಾತ್ರಿ ಕರೆಂಟು ಕೊಡ್ತಿದ್ರು. ಹಾವು ಚೇಳು ತುಳಕೋತ ನೀರು ಕಟ್ಟೋದು. ಆಮ್ಯಾಲ ಸೋಲಾರ್ ಬಂತು, ಇನ್ನ ಹಗಲೇ ಕರೆಂಟು ಅಂದ್ರು. ಖುಷಿ ಪಟ್ವಿ. ಆದ್ರ ಮೋಡ ಬಂತಂದ್ರ ಕರೆಂಟು ಹೋತು. ಲೈನ್‌ಮನ್ ಮುಷರಫ್‌ಗ ಫೋನ್ ಹಚ್ಚಿದ್ರ, "ಮ್ಯಾಲ ನೋಡಬೇ ಯಕ್ಕಾ, ಸೂರ್ಯ ಬಂದ್ರ ಕರೆಂಟು ಬರ್ತೈತಿ" ಅಂತ ನಗತಿದ್ದ. ಚಾಷ್ಟಿಗೆ ಅಂದಿದ್ದು ಊರಿಗೆಲ್ಲ ಶಾಸ್ತ್ರ ಆತು. ಬಿಸಲು ಬಿದ್ರ ಹೊಲಕ್ಕ ಓಡು, ಮೋಡ ಮುಚ್ಚಿದ್ರ ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕು. ಬಹಳ ಸಲ ಖರೇನೂ ಆಗ್ತಿತ್ತು.

ಮೋಟ್ರಿನ ಡಬ್ಬಿಗೆ ಆಟೋ ಅಂತ ಒಂದು ಬಟನ್ ಇರ್ತೈತಿ. ಅದನ್ನ ಹಾಕಿಟ್ರ ಕರೆಂಟು ಬಂದ ಕೂಡ್ಲೇ ಮೋಟ್ರು ತಾನೇ ಸುರು ಆಕ್ಕೈತಿ. ಮನಸಿಗೆ ಬಂದಾಗ ಬರೋ ಕರೆಂಟಿಗೆ ಯಾರು ಕಾಕೋತ ಕುಂದ್ರತಾರ? ಎಲ್ಲರದೂ ಆಟೋದಾಗೇ. ಗಾದಿಲಿಂಗಂದೂ ಹಂಗೇ. ನಮ್ಮ ಮೋಟ್ರು ಹಳ್ಳದ ನೀರಾಗ, ಡಬ್ಬಿ ದಂಡಿ ಮ್ಯಾಲ. ಆದ್ರ ಅವ ಹಳ್ಳಕ್ಕ ಇಳಿಯೋ ಮುಂದ ಫೀಜು ಕಿತ್ತು ಅಂಗಿ ಬಕ್ಕಣದಾಗ ಹಾಕ್ಕೊಂಡೇ ಇಳಿತಿದ್ದ. ಮುಗಿಲಿನ ಶಾಸ್ತ್ರ ಬಂದ ಮ್ಯಾಲ ಊರಾಗಿನ ಮಂದಿ, "ಮೋಡದಾಗೂ ಫೀಜು ಕೀಳ್ತಾನ, ಪುಕ್ಕಲ ನನ್ಮಗ" ಅಂತ ನಕ್ಕರು. ನಕ್ಕು ನಕ್ಕು ಫೀಜು ಕೀಳೋದು ಬಿಡಿಸಿದ್ರು.

ಆಷಾಢ. ಕಾಲುವಿಗೆ ಇನ್ನೂ ನೀರು ಬಿಟ್ಟಿರಲಿಲ್ಲ. ನೆಲ್ಲಿನ ಸಸಿ ತುದಿ ಕೆಂಪಗಾಗಿತ್ತು. ಅವತ್ತು ಹಳ್ಳದ ನೀರು ಉಣಿಸಲಿಲ್ಲಂದ್ರ ಸಸಿ ಹೋತು, ವರ್ಷದ ಬೆಳಿನೇ ಹೋತು. ಮುಂಜಾನೆ ಮೋಟ್ರು ತಿರುಗಿದ್ರೂ ನೀರು ಎಳಿಲಿಲ್ಲ. ನೀರೆಳೆಯೋ ಜಾಳಿಗಿಗೆ ಪಾಚಿ ಸುತ್ತಿಕೊಂಡಿತ್ತು. ಅಷ್ಟರಾಗ ಮೋಡ ಕವೀತು, ಕರೆಂಟು ಹೋತು.

"ಯಕ್ಕಾ, ನೀ ಸಸಿ ಮಡಿ ಕಡೆ ನಡಿ. ಪಾಚಿ ತಗದಿಡ್ತೀನಿ, ಬಿಸಲು ಬಿದ್ದ ಕೂಡ್ಲೇ ನೀರು ಬರ್ತಾವ."

"ಫೀಜು ಕಿತ್ತಿಯೇನಲೇ?"

"ಇಂಥಾ ಮೋಡದಾಗ ಎಲ್ಲಿ ಕರೆಂಟಬೇ? ಮುಗಿಲು ನೋಡು, ಕರೇ ಕಂಬಳಿ ಹೊಚ್ಚಿದಂಗೈತಿ" ಅಂದು ಧೋತರ ಎತ್ತಿ ಕಟ್ಟಿದ.

ಸಸಿ ಮಡಿ ದಿಬ್ಬದ ಆಚೆ. ಅಲ್ಲಿಂದ ಹಳ್ಳ ಕಾಣಂಗಿಲ್ಲ. ಗಾಳಿ ನೋಡ್ರಿ, ಸೆರಗು ನಿಲ್ಲವಲ್ದು. ಯಪ್ಪಾ ಸೂರ್ಯಪ್ಪಾ, ಒಂದೀಟು ಮಾರಿ ತೋರ್ಸು ಅಂತ ಬೇಡಿಕೋತ ಕುಂತೆ. ಒಮ್ಮಿಗೇ ಬುಳುಬುಳು ಅಂತ ನೀರು ಬಂತು!

"ಬಂತಲೇ ಗಾದ್ಯಾ! ಶಭಾಸ್ ನನ್ನ ತಮ್ಮ!" ಅಂತ ಒದರಿದೆ. ಗಾಳಿಗೆ ಅವಗ ಕೇಳಿಸಿರಲಿಕ್ಕಿಲ್ಲ ಅನಕೊಂಡೆ. ಸಲಿಕಿ ಹಿಡಿದು ಒಂದೊಂದೇ ಮಡಿಗೆ ನೀರು ತಿರುವಿದೆ. ಸಸಿ ನೀರು ಕುಡಿಯೋದು ನೋಡಿ ಹೊಟ್ಟಿ ತಣ್ಣಗಾತು. ಕಡೀ ಮಡಿ ತುಂಬಿದ ಮ್ಯಾಲ ಸೊಂಟ ನೆಟ್ಟಗ ಮಾಡಿ ಮ್ಯಾಲ ನೋಡಿದೆ.

ಬಿಸಲು ಬಿದ್ದೇ ಇರಲಿಲ್ಲ.

ಓಡಿದೆ. ಮೋಟ್ರು ಗುಂಯ್ ಅಂತಿತ್ತು. ನನ್ನ ತಮ್ಮ ಹಳ್ಳದಾಗ ಬೋರಲು ಬಿದ್ದಿದ್ದ, ಪಕ್ಕದಾಗೇ ನೀರಾಗ ಟೇಪು ಬಿಚ್ಚಿದ ವೈರಿನ ಜೋಡು. ಡಬ್ಬಿಯ ಕೆಂಪು ಬಟನ್ ಒತ್ತಿದೆ. ಒತ್ತಿ ಏನು ಮಾಡೋದು?

ಮುಷರಫ್ ಬಂದ. ಬದುವಿನ ಮ್ಯಾಲ ಕುಂತು ಹೆಂಗಸರಂಗ ಅತ್ತ. "ಎಲ್ಲೋ ಗುಡ್ಡದ ಮ್ಯಾಲ ಗಾಳಿ ಫ್ಯಾನ್ ಅದಾವಬೇ ಯಕ್ಕಾ. ಜೋರು ಗಾಳಿಗೆ ಕರೆಂಟು ಹೆಚ್ಚಾತಂತ. ಮೋಟ್ರಿಗೆಲ್ಲಾ ಬಿಡ್ರಿ ಅಂತ ಮ್ಯಾಲಿಂದ ಹೇಳಿ ಬಿಡಿಸಿದ್ರು" ಅಂದ.

ಅವನ ಅಂಗಿ ಹಿಡಿದು ಜಗ್ಗಿದೆ. "ಮುಗಿಲು ನೋಡು ಅಂದ್ಯಲ್ಲೋ! ಗಾಳಿನೂ ನೋಡು ಅಂತ ಯಾಕ ಹೇಳಲಿಲ್ಲೋ?" ಅವಗರ ಯಾರು ಹೇಳಿದ್ರು, ಪಾಪ.

ಸಸಿ ಉಳಕೊಂಡಾವ. ಊರಾಗ ಯಾರವೂ ಇಷ್ಟು ಹಸರಾಗಿಲ್ಲ. ನಾಟಿಗೆ ಬಂದ ಹೆಣ್ಮಕ್ಕಳು, "ಎಂಥಾ ಚೆಂದ ಬಂದಾವ ತಿಮ್ಮವ್ವ" ಅಂತಾರ. ಬರದೇ ಏನು? ನನ್ನ ತಮ್ಮ ನೀರಾಗ ಬಿದ್ದಾಗ ಬಂದ ನೀರು ಕುಡಿದಾವ. ನಾ ನಕ್ಕೋತ ಕುಡಿಸೀನಿ.