ಕೆಂಪು ಪಟ್ಟೆಯ ಕುರಿ

ನಮ್ಮ ಪ್ಯಾರಿಷ್ಷಿನಲ್ಲಿ ಒಂಬತ್ತು ಮನೆ, ಒಂದು ಚರ್ಚು. ಉಳಿದದ್ದೆಲ್ಲ ಗುಡ್ಡ ಮತ್ತು ಕುರಿ. ಗುಡ್ಡಕ್ಕೆ ಬೇಲಿಯಿಲ್ಲ. ತಾನು ಎಲ್ಲಿ ಮೇಯಬೇಕೆಂದು ಕುರಿಗೇ ಗೊತ್ತು. ತಾಯಿ ಮರಿಗೆ ತೋರಿಸುತ್ತದೆ, ಆ ಮರಿ ಮುಂದೆ ತನ್ನ ಮರಿಗೆ. ಆದರೂ ವರ್ಷಕ್ಕೊಂದೆರಡು ದಾರಿ ತಪ್ಪುತ್ತವೆ. ಅಂಥದ್ದನ್ನು ಕಂಡ ದಿನವೇ ಒಡೆಯನ ಬಾಗಿಲಿಗೆ ಮುಟ್ಟಿಸಬೇಕು. ಚರ್ಚಿಗೆ ಹೋಗುವುದನ್ನು ಬಿಟ್ಟವರೂ ಈ ಕಟ್ಟಳೆಯನ್ನು ಬಿಟ್ಟಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ನನ್ನ ಮಂದೆಯಲ್ಲಿ ಬೆನ್ನ ಮೇಲೆ ಕೆಂಪು ಪಟ್ಟೆಯಿದ್ದ ಕುರಿಯೊಂದು ಕಂಡಿತು. ಆ ಕೆಂಪು ಬಣ್ಣ ಕಣಿವೆಯಾಚೆಯ ಎಡ್ವಿನ್ ರೆಲ್ಫ್‌ನ ಗುರುತು. ನನ್ನವುಗಳ ಜೊತೆ ಒಂದೇ ತೊಟ್ಟಿಗೆ ಬಾಯಿ ಹಾಕಿ ಮೇವು ತಿನ್ನುತ್ತಿತ್ತು. ಹಿಂದೆಮುಂದೆ ನೋಡದೆ ಗಾಡಿಗೆ ಹತ್ತಿಸಿ ಅವನ ಅಂಗಳದಲ್ಲಿ ಇಳಿಸಿದೆ.

“ನಿಮ್ಮನೆ ಊಟ ರುಚಿ ಹತ್ತಿದೆ ಅನ್ಸತ್ತೆ ಇದಕ್ಕೆ,” ಎಂದ ಎಡ್ವಿನ್.

“ನೀನು ಹೊಟ್ಟೆ ತುಂಬ ಹಾಕಿದ್ರೆ ಯಾಕೆ ಬರ್ತಿತ್ತೋ, ಜಿಪುಣ!” ಎಂದೆ. ಇಬ್ಬರೂ ನಕ್ಕು ಟೀ ಕುಡಿದೆವು.

ಗುರುವಾರ ನನ್ನ ಆರು ಕುರಿಗಳು ಕುಂಟತೊಡಗಿದವು. ಬಾಯಿ ತೆರೆದು ನೋಡಿದರೆ ಹುಣ್ಣು. ಕಾಲುಬಾಯಿ ಜ್ವರ. ನಾನೇ ಫೋನು ಮಾಡಿದೆ. ಬಂದ ಪಶುವೈದ್ಯೆ ಚಿಕ್ಕ ಹುಡುಗಿ, ಬೇರೆಲ್ಲೋ ಮಂದೆಯೊಂದನ್ನು ಕೊಲ್ಲಿಸಿ ಬಂದಿದ್ದಳೇನೋ, ಅವಳ ಕಣ್ಣುಗಳು ಆಗಲೇ ಅತ್ತು ಬಾತಿದ್ದವು. ರೋಗ ಹರಡದ ಹಾಗೆ ನನ್ನ ನಾನೂರು ಕುರಿಗಳನ್ನೂ ನಾಳೆ ಕೊಲ್ಲುತ್ತೇವೆ ಎಂದಳು. ಆಮೇಲೆ ಕೇಳಿದಳು: “ಇಲ್ಲಿಂದ ಯಾವ್ದಾದ್ರೂ ಕುರಿ ಹೊರಗೆ ಹೋಗಿದ್ಯಾ, ಅಮ್ಮಾ? ಹೋಗಿದ್ರೆ ಅದು ಸೇರಿದ ಮಂದೇನೂ ಕೊಲ್ಬೇಕಾಗತ್ತೆ.”

“ಸ್ವಲ್ಪ ತಾಳು,” ಎಂದು ಒಳಗೆ ಹೋಗಿ ಎಡ್ವಿನ್‌ಗೆ ಫೋನು ಮಾಡಿದೆ.

“ದಮ್ಮಯ್ಯ, ಹೇಳ್ಬೇಡ ಕಣೇ,” ಎಂದ. “ನನ್ನವು ಒಂದೂ ಕುಂಟ್ತಿಲ್ಲ. ಇನ್ನು ಹತ್ತು ದಿನಕ್ಕೆ ಮರಿ ಹಾಕ್ತವೆ. ಇವನ್ನ ಕೊಂದು ಬೇರೆ ತಂದ್ರೆ ಅವಕ್ಕೆ ಗುಡ್ಡ ತೋರಿಸೋರು ಯಾರು? ಕೊರಳಿಗೆ ಗಂಟೆ ಕಟ್ಕೊಂಡು ನಾನು ಮುಂದೆ ಹೋಗ್ಲಾ?”

“ನಾನು ತಂದುಬಿಟ್ಟ ಕುರಿಗೆ ರೋಗ ತಗುಲಿದ್ರೆ ಉಳಿದ ಏಳು ಮನೆ ಮಂದೇನೂ ಹೋಗತ್ತಲ್ಲೋ.”

“ತಗುಲಿಲ್ದಿದ್ರೆ?”

ಫೋನು ಇಟ್ಟೆ. ಹೊರಗೆ ಬಂದು ಆ ಹುಡುಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನನ್ನ ನಾಲಿಗೆಯನ್ನು ಆವತ್ತಿನಿಂದ ನಾನು ಶಪಿಸದ ದಿನವಿಲ್ಲ.

ಶುಕ್ರವಾರ ನನ್ನವು ಹೋದವು. ಶನಿವಾರ ಎಡ್ವಿನ್‌ನವು. ರೋಗ ಬಂದ ಮನೆಯೆಂದು ನಾನು ಹೊರಗೆ ಹೊರಡುವಂತಿರಲಿಲ್ಲ, ದುರ್ಬೀನು ಹಿಡಿದು ಕಿಟಕಿಯಲ್ಲಿ ನಿಂತೆ. ಗುಡ್ಡದ ಕುರಿಗಳು ಪರರ ಕೂಗಿಗೆ ಇಳಿಯುವುದಿಲ್ಲ. ಹಾಗಾಗಿ ಅವನೇ ಕರೆಯಬೇಕಾಯಿತು. ಕೈಯಲ್ಲಿ ಬಕೆಟ್ಟು ಹಿಡಿದು ಕರೆದ. ಮೇವೆಂದುಕೊಂಡು ಬಸುರಿ ಕುರಿಗಳೆಲ್ಲ ಓಡೋಡಿ ಇಳಿದು ಬಂದವು. ಸಂಜೆಯ ಹೊತ್ತಿಗೆ ಗುಡ್ಡದ ಆ ಮಗ್ಗುಲು ಬರಿದಾಗಿತ್ತು.

ಮೂರು ವಾರದ ಮೇಲೆ ಎಡ್ವಿನ್‌ನ ಫೋನು ಬಂತು.

“ರಕ್ತದ ವರದಿ ಬಂತು,” ಎಂದ. “ನನ್ನ ಒಂದು ಕುರಿಗೂ ರೋಗ ಇರ್ಲಿಲ್ವಂತೆ. ನೀನು ತಂದುಬಿಟ್ಟದ್ದಕ್ಕೂ ಇರ್ಲಿಲ್ಲ.”

“ಎಡ್ವಿನ್...”

“ನಲವತ್ತು ವರ್ಷದ ನೆರೆಮನೆ ನಮ್ಮದು,” ಎಂದ. “ಅದೊಂದು ಕುರೀನ ನೀನು ಕದ್ದು ಇಟ್ಕೊಂಡಿದ್ರೆ ಆಗ್ತಿತ್ತಲ್ಲೇ, ಡೋರಾ.”